ಆಲ, ಅರಳಿ, ನಾಂದ್ರುಕ: ಎಲೆ ಕೊಯ್ದು ನೋಡಿ ಜಾತಿ ಗುರುತಿಸುವುದು ಹೇಗೆ

ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ನೆಲೆಸಿದವರಿಗೆ ಇಲ್ಲಿನ ಮರಗಳ ಹೆಸರು ಮೊದಮೊದಲು ಗೊಂದಲ ಮಾಡುತ್ತವೆ. ನಮ್ಮ ಆಲ ಇಲ್ಲಿ ವಡ. ಅರಳಿ ಪಿಂಪಳ. ಅತ್ತಿ ಅಂದರೆ ಉಂಬರ, ದತ್ತನ ಗುಡಿಯ ಪಕ್ಕ ಇರುವ ಔದುಂಬರ. ಇಷ್ಟು ಒಂದೇ ವಾರದಲ್ಲಿ ಬಾಯಿಗೆ ಬಂದುಬಿಡುತ್ತದೆ. ತೊಡಕು ಶುರುವಾಗುವುದು ನಾಂದ್ರುಕದಿಂದ. ಸಣ್ಣ, ದಪ್ಪ, ನುಣುಪು ಎಲೆಯ ಮರ, ಒಳ್ಳೆಯ ನೆರಳು. ಅದರ ಹತ್ತಿರವೇ ಸೊಸೈಟಿಯವರು ನರ್ಸರಿಯಿಂದ ತಂದು ನೆಟ್ಟ ಬೆಂಜಮಿನಾ ಇರುತ್ತದೆ, ಅದರ ಎಲೆಯೂ ಸಣ್ಣ, ಅದೂ ನುಣುಪು, ಹಾಗಾಗಿ ಎರಡನ್ನೂ ಜನ ಸುಮ್ನೆ ‘ಫೈಕಸ್’ ಅಂತ, ಅಂದರೆ ಆಲ, ಅರಳಿ, ಅತ್ತಿ ಎಲ್ಲ ಸೇರುವ ಕುಲದ ಹೆಸರಿನಿಂದ, ಕರೆದು ಮುಂದೆ ಹೋಗುತ್ತಾರೆ.

ನಮ್ಮ ಕೆಳಗಿನ ಮನೆಯ ಹುಡುಗಿ ಬಿ.ಎಸ್ಸಿ. ಓದುತ್ತಾಳೆ. ಒಂದು ದಿನ ಎರಡು ಎಲೆ ಹಿಡಿದುಕೊಂಡು ಬಂದಳು. “ಕಾಕಾ, ಇವೆರಡೂ ಒಂದೇ ಮರದ್ದಾ?” ಅಂತ ಕೇಳಿದಳು. ತುದಿ ನೋಡಿದರೆ ಹೇಳಬಹುದಿತ್ತು. ಬೆಂಜಮಿನಾದ ತುದಿ ಎಳೆದ ಹಾಗೆ ಚೂಪಾಗಿರುತ್ತದೆ, ಪಕ್ಕದ ನರಗಳು ತೆಳ್ಳಗೆ, ಒತ್ತೊತ್ತಾಗಿ, ಸಮಾನಾಂತರವಾಗಿ ಓಡುತ್ತವೆ. ನಾಂದ್ರುಕದ ತುದಿ ಅಷ್ಟು ಎಳೆದುಕೊಂಡಿರುವುದಿಲ್ಲ. ಆದರೆ ಎಲೆಯ ಆಕಾರ ಒಂದೇ ಮರದಲ್ಲೇ ಬದಲಾಗುತ್ತದೆ, ಅಲ್ವಾ? ಕೆಳಗಿನ ಚಿಗುರಿನ ಎಲೆ ಒಂದು ಥರ, ನೆತ್ತಿಯ ಎಲೆ ಇನ್ನೊಂದು ಥರ. ಅದಕ್ಕೇ ಅವಳಿಗೆ ಹೇಳಿದೆ, ಆಕಾರ ಬಿಡು, ಒಳಗೆ ನೋಡೋಣ. ಆಮೇಲೆ ಮೂರು ತಿಂಗಳು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬರೀ ಎಲೆ, ಬ್ಲೇಡು, ಸ್ಲೈಡು, ಮೈಕ್ರೋಸ್ಕೋಪು. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಲದ ಕುಟುಂಬಕ್ಕೆ ಇದು ಯಾಕೆ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಈ ಮರಗಳ ಹೂವು ಕಣ್ಣಿಗೆ ಬೀಳುವುದಿಲ್ಲ. ಹಣ್ಣು ಅಂತ ನಾವು ಕರೆಯುವ ಗುಂಡಿನ ಒಳಗೇ ಹೂವುಗಳೆಲ್ಲ ಅಡಗಿರುತ್ತವೆ, ಆ ಗುಂಡೂ ಯಾವಾಗಲೂ ಸಿಗುವುದಿಲ್ಲ. ಕೈಗೆ ಸಿಗುವುದು ಎಲೆ ಮಾತ್ರ. ಅದೃಷ್ಟಕ್ಕೆ ಈ ಎಲೆಯ ಒಳಗೆ ಬೇರೆ ಮರಗಳಲ್ಲಿ ಸುಲಭಕ್ಕೆ ಕಾಣದ ಒಂದು ಗುರುತಿದೆ. ಅದರ ಹೆಸರು ಸಿಸ್ಟೋಲಿತ್. ಎಲೆಯ ಹೊರಪದರದಲ್ಲಿ ಅಲ್ಲಲ್ಲಿ ಒಂದೊಂದು ಕೋಶ ದೊಡ್ಡದಾಗಿ ಉಬ್ಬಿ ಒಳಗೆ ಇಳಿದಿರುತ್ತದೆ, ಅದು ಲಿಥೋಸಿಸ್ಟ್. ಅದರ ಗೋಡೆಯಿಂದ ಒಂದು ತೊಟ್ಟು ಹೊರಟು, ತೊಟ್ಟಿನ ತುದಿಗೆ ದ್ರಾಕ್ಷಿ ಗೊಂಚಲಿನ ಹಾಗೆ ಸುಣ್ಣದ ಗಂಟು ನೇತಾಡುತ್ತಿರುತ್ತದೆ. ಸುಣ್ಣ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದೂ ಹರಳುಗಟ್ಟದ ರೂಪದಲ್ಲಿ. ಮೊದಲ ಸಲ ಕಂಡಾಗ ಆ ಹುಡುಗಿ ಕುರ್ಚಿಯಿಂದ ಎದ್ದೇ ನಿಂತುಬಿಟ್ಟಳು.

ಇಸ್ರೇಲ್, ಇಟಲಿ, ತಾಂಜಾನಿಯಾ, ಉಗಾಂಡಾದ 10 ಫೈಕಸ್ ಜಾತಿಗಳ ಎಲೆಗಳನ್ನು ಸ್ಕ್ಯಾನ್ ಮಾಡಿ ನೋಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಅದರಲ್ಲಿ ಕಂಡದ್ದು ಇದು: ಖನಿಜ ಎಲೆಯ ಯಾವ ಕಡೆ, ಹೇಗೆ ಹರಡಿದೆ ಅನ್ನುವುದು ಒಂದೊಂದು ಜಾತಿಗೆ ಒಂದೊಂದು ಥರ, ಮತ್ತು ಮರ ಬೇರೆ ಹವೆಯಲ್ಲಿ ಬೆಳೆದರೂ ಆ ವಿನ್ಯಾಸ ಬದಲಾಗುವುದಿಲ್ಲ. ನಾಂದ್ರುಕ, ಅಂದರೆ ಫೈಕಸ್ ಮೈಕ್ರೋಕಾರ್ಪಾದಲ್ಲಿ ಸಿಸ್ಟೋಲಿತ್ ಎಲೆಯ ಮೇಲೂ ಕೆಳಗೂ ಎರಡೂ ಕಡೆ ಇರುತ್ತದೆ. ಕುಂಡದಲ್ಲಿ ಬೆಳೆಸುವ ಉದ್ದ ಎಲೆಯ ಫೈಕಸ್ ಬಿನ್ನೆಂಡಿಕಿಯಲ್ಲಿ ಕೆಳಗಡೆ ಮಾತ್ರ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಬಿಸಿಲು, ನೆರಳು, ನೀರಿಗೆ ತಕ್ಕ ಹಾಗೆ ಬದಲಾಗುವ ಗುಣವನ್ನು ನಂಬಿ ಜಾತಿ ಹೇಳಬೇಡಿ. ಬದಲಾಗದ ಗುಣವನ್ನು ಹುಡುಕಿ ಹಿಡಿಯಿರಿ. ಕೆಳಗೆ ನಾನು ಹೇಳುವ ಎಲ್ಲ ಹೆಜ್ಜೆಗಳೂ ಇದಕ್ಕಾಗಿಯೇ.

ಮೊದಲು ಎಲೆ ಕೂಡಿಸುವುದು. ಮರಕ್ಕೆ ಕತ್ತಿ ಹಚ್ಚುವ ಅಗತ್ಯವಿಲ್ಲ. ಒಂದು ಮರಕ್ಕೆ ಮೂರು ಎಲೆ ಸಾಕು, ಖಾಸಗಿ ಜಾಗವಾದರೆ ಒಂದು ಮಾತು ಕೇಳಿ ಕೀಳಿ. ಆಲದ ಎಲೆಗೆ ಇಲ್ಲಿ ಒಳ್ಳೆಯ ಸಮಯ ಅಂದರೆ ವಟಪೌರ್ಣಿಮೆಯ ಮರುದಿನ. ಜ್ಯೇಷ್ಠ ಹುಣ್ಣಿಮೆಗೆ ಪೂಜೆಗೆಂದು ಮಾರುಕಟ್ಟೆಯಲ್ಲಿ ವಡದ ಟೊಂಗೆ ಮಾರುತ್ತಾರೆ, ಪೂಜೆ ಆದಮೇಲೆ ಅವು ರಸ್ತೆ ಬದಿಗೆ ಬಿದ್ದಿರುತ್ತವೆ. ಬಾಡುವ ಮುಂಚೆ ಹಿಡಿದರೆ ಆಯಿತು. ಆದರೆ ಅಂಥ ಟೊಂಗೆ ಯಾವ ಮರದ್ದು, ನೆರಳಿನದೋ ಬಿಸಿಲಿನದೋ ಗೊತ್ತಾಗುವುದಿಲ್ಲ, ಹಾಗಾಗಿ ಅವು ಕೈ ಪಳಗಿಸಲು ಮಾತ್ರ ಇರಲಿ, ದಾಖಲೆಗೆ ಬೇಡ.

ದಾಖಲೆಗೆ ಬೇಕಾದ ಎಲೆಯನ್ನು ಒಂದೇ ಕ್ರಮದಲ್ಲಿ ಆರಿಸಿ. ತುದಿಯ ಮೊಗ್ಗಿನಿಂದ ಎಣಿಸಿ ನಾಲ್ಕನೆಯದೋ ಐದನೆಯದೋ ಪೂರ್ತಿ ಬಲಿತ ಎಲೆ. ಎಳೆಯ ಎಲೆ ಬೇಡವೇ ಬೇಡ, ಅದರಲ್ಲಿ ಸಿಸ್ಟೋಲಿತ್ ಇನ್ನೂ ಬೆಳೆಯುತ್ತಿರುತ್ತದೆ, ಬರೀ ತೊಟ್ಟು ಮಾತ್ರ ಕಾಣಬಹುದು, ನೀವು ‘ಇಲ್ಲ’ ಅಂತ ಬರೆದುಬಿಡುತ್ತೀರಿ. ಪ್ರತಿ ಜಾತಿಗೆ ಕಡಿಮೆ ಅಂದರೂ ಐದು ಮರ ನೋಡಿ. ಪ್ರತಿ ಮರದಲ್ಲಿ ಬಿಸಿಲಿನ ಎಲೆ ಒಂದು, ನೆರಳಿನ ಎಲೆ ಒಂದು ಬೇರೆ ಬೇರೆ ಲಕೋಟೆಗೆ. ಲಕೋಟೆಯ ಮೇಲೆ ಜಾಗ, ತಾರೀಖು, ದಿಕ್ಕು, ಎತ್ತರ ಆಗಲೇ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಮರೆಯುತ್ತದೆ. ಕಿತ್ತಾಗ ಹಾಲು ಸುರಿಯುತ್ತದೆ, ಕೈಗೆ ಗ್ಲೌಸ್ ಇರಲಿ, ಕಣ್ಣು ಉಜ್ಜಬೇಡಿ. ಅಂಜೂರದಂಥ ಕೆಲವು ಜಾತಿಗಳ ಹಾಲು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ಇನ್ನು ಎಲೆಯನ್ನು ಇಟ್ಟುಕೊಳ್ಳುವ ಮಾತು. ಇದರಲ್ಲಿ ನನ್ನ ಒಂದು ಮಳೆಗಾಲವೇ ಹಾಳಾಗಿದೆ. ಲ್ಯಾಬಿನಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು, ಎಲೆ ಕೆಡದ ಹಾಗೆ ಎಫ್‌ಎಎ ದ್ರಾವಣದಲ್ಲಿ ಹಾಕಿಡಿ ಅಂದರು. ಫಾರ್ಮಲಿನ್, ಅಸೆಟಿಕ್ ಆಸಿಡ್, ಆಲ್ಕೋಹಾಲ್ ಕೂಡಿಸಿದ ದ್ರಾವಣ ಅದು, ಸಸ್ಯಶಾಸ್ತ್ರದವರು ಎಲ್ಲದಕ್ಕೂ ಬಳಸುತ್ತಾರೆ. ಹಾಕಿಟ್ಟೆ. ಎರಡು ವಾರ ಬಿಟ್ಟು ಕೊಯ್ದು ನೋಡಿದರೆ ಲಿಥೋಸಿಸ್ಟ್ ಕೋಶಗಳಿವೆ, ಒಳಗೆ ತೊಟ್ಟಿದೆ, ಸುಣ್ಣದ ಗಂಟು ಮಾತ್ರ ಕರಗಿ ಹೋಗಿ ತೆಳ್ಳನೆಯ ಎಲುಬುಗೂಡಿನಂಥದ್ದು ಉಳಿದಿತ್ತು. ಆಸಿಡ್ ಸುಣ್ಣವನ್ನು ತಿಂದಿತ್ತು. ಎಷ್ಟೋ ಟೆಕಡಿ ಹತ್ತಿಳಿದು ತಂದ ಎಲೆಗಳು ಅವು, ಬಹಳ ಬೇಜಾರಾಯಿತು. ಹಾಗಾಗಿ ನೆನಪಿಡಿ: ಸಿಸ್ಟೋಲಿತ್ ನೋಡಬೇಕಾದ ಎಲೆಯನ್ನು ಆಸಿಡ್ ಇರುವ ಯಾವ ದ್ರಾವಣದಲ್ಲೂ ಇಡಬೇಡಿ. ಹಸಿ ಎಲೆಯನ್ನೇ ಕೊಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ 70 ಶೇಕಡಾ ಆಲ್ಕೋಹಾಲ್ ಸಾಕು. ಮನೆಯಲ್ಲಿ ಫಾರ್ಮಲಿನ್ ಹೇಗೂ ಬೇಡ.

ಕೊಯ್ಯುವ ಕೆಲಸಕ್ಕೆ ಯಂತ್ರ ಬೇಕಿಲ್ಲ. ಹೊಸ ಶೇವಿಂಗ್ ಬ್ಲೇಡ್, ಒಂದು ಗಜ್ಜರಿ, ನೀರಿನ ಬಟ್ಟಲು, ಸಣ್ಣ ಬ್ರಷ್. ಗಜ್ಜರಿಯನ್ನು ಬೆರಳುದ್ದ ಕತ್ತರಿಸಿ ಮಧ್ಯೆ ಸೀಳಿ. ಎಲೆಯ ನಡುವಿನ ಭಾಗದಿಂದ, ನಡುನರಕ್ಕೂ ಅಂಚಿಗೂ ಮಧ್ಯದಲ್ಲಿ, ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ತೆಗೆದು ಹಾಲು ಹೋಗುವ ತನಕ ನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಹಾಲು ಬ್ಲೇಡಿಗೆ ಅಂಟಿ ಎರಡನೇ ಕೊಯ್ತಕ್ಕೇ ಎಲೆ ಹರಿಯುತ್ತದೆ. ಪಟ್ಟಿಯನ್ನು ಗಜ್ಜರಿಯ ಸೀಳಿನಲ್ಲಿ ನಿಲ್ಲಿಸಿ. ಬ್ಲೇಡು, ಗಜ್ಜರಿ ಎರಡೂ ಒದ್ದೆ ಇರಬೇಕು. ಈಗ ಬ್ಲೇಡನ್ನು ಒತ್ತಬೇಡಿ, ನಿಮ್ಮ ಕಡೆಗೆ ಓರೆಯಾಗಿ ಒಂದೇ ಎಳೆತದಲ್ಲಿ ಜಾರಿಸಿ. ಗರಗಸದ ಹಾಗೆ ಹಿಂದೆ ಮುಂದೆ ಮಾಡಿದರೆ ಕೆಟ್ಟಿತು. ಇಪ್ಪತ್ತು ಮೂವತ್ತು ಚೂರು ಬರುವ ತನಕ ನೋಡಲು ಹೋಗಬೇಡಿ, ಸುಮ್ನೆ ಕೊಯ್ದು ನೀರಿಗೆ ಬಿಡುತ್ತಾ ಹೋಗಿ. ಆಮೇಲೆ ನೀರಿನಲ್ಲಿ ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುವ ಎರಡು ಮೂರನ್ನು ಬ್ರಷ್‌ನಿಂದ ಎತ್ತಿ. ಇಡೀ ಚೂರು ತೆಳ್ಳಗೆ ಇರಬೇಕು ಅಂತೇನಿಲ್ಲ, ಒಂದು ಅಂಚು ತೆಳ್ಳಗಿದ್ದರೆ ಸಾಕು. ಅಲ್ಲೇ ಎಲ್ಲ ಕಾಣುತ್ತದೆ.

ಸಫ್ರಾನಿನ್ ಎಂಬ ಕೆಂಪು ಬಣ್ಣ ಸಿಕ್ಕರೆ ನೀರಿನಲ್ಲಿ ಬಹಳ ತೆಳ್ಳಗೆ ಕಲಸಿ ಒಂದು ನಿಮಿಷ ಇಟ್ಟು ತೊಳೆಯಿರಿ, ನಾರು ಮತ್ತು ನೀರಿನ ಕೊಳವೆಗಳು ಕೆಂಪಗೆ ಎದ್ದು ಕಾಣುತ್ತವೆ. ಒಂದು ಹನಿ ಗ್ಲಿಸರಿನ್ ಹಾಕಿ ಕವರ್ ಸ್ಲಿಪ್ ಮುಚ್ಚಿ. ಒಂದು ಚೂರನ್ನು ಬಣ್ಣ ಹಾಕದೆ, ಬರೀ ನೀರಿನಲ್ಲಿ, ಬೇರೆ ಸ್ಲೈಡಿನಲ್ಲಿ ಇಟ್ಟುಕೊಳ್ಳಿ. ಅದು ಮುಂದೆ ಬೇಕಾಗುತ್ತದೆ.

ಈಗ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಮೇಲಿನಿಂದ ಕೆಳಕ್ಕೆ ಒಂದೊಂದೇ ಪದರ ನೋಡುತ್ತಾ ಬನ್ನಿ, ಕಣ್ಣಿಗೆ ಚೆಂದ ಕಂಡ ಕಡೆ ಹಾರಬೇಡಿ. ಮೊದಲು ಕ್ಯೂಟಿಕಲ್ ಎಂಬ ಮೇಣದ ಪೊರೆ. ಅದರ ಕೆಳಗೆ ಹೊರಪದರ, ಅದನ್ನು ಎಣಿಸಿ. ಬಹಳ ಗಿಡಗಳಲ್ಲಿ ಇದು ಒಂದೇ ಸಾಲು. ರಬ್ಬರ್ ಗಿಡ ಅಂತ ಕುಂಡದಲ್ಲಿ ಬೆಳೆಸುವ ಫೈಕಸ್ ಇಲಾಸ್ಟಿಕಾದಲ್ಲಿ ಮೇಲ್ಗಡೆ ಮೂರು ನಾಲ್ಕು ಸಾಲು ಇರುತ್ತದೆ, ಒಳಗಿನ ಸಾಲಿನ ಕೋಶಗಳು ದೊಡ್ಡ ದೊಡ್ಡದು, ಖಾಲಿ ಖಾಲಿ, ನೀರು ತುಂಬಿದ ಕೊಡಗಳ ಹಾಗೆ. ಆಲದಲ್ಲೂ ಒಂದಕ್ಕಿಂತ ಜಾಸ್ತಿ ಸಾಲುಗಳಿವೆ. ಮೊದಲ ದಿನಕ್ಕೆ ರಬ್ಬರ್ ಗಿಡದ ಎಲೆಯನ್ನೇ ತೆಗೆದುಕೊಳ್ಳಿ, ದಪ್ಪ ಇರುವುದರಿಂದ ಕೊಯ್ಯಲು ಸುಲಭ, ಸಿಸ್ಟೋಲಿತ್ ದೊಡ್ಡದು, ಮೇಲ್ಗಡೆಯೇ ಸಿಗುತ್ತದೆ.

ಒಂದು ಎಚ್ಚರಿಕೆ. ಈ ಹೆಚ್ಚಿನ ಸಾಲುಗಳು ಹೊರಪದರವೇ ಒಡೆದು ಆದವೋ, ಅಥವಾ ಅದರ ಕೆಳಗಿನ ಅಂಗಾಂಶ ಹೀಗೆ ಮಾರ್ಪಟ್ಟಿದೆಯೋ ಅನ್ನುವುದು ಬಲಿತ ಎಲೆಯಲ್ಲಿ ಖಚಿತವಾಗುವುದಿಲ್ಲ. ಮೊಗ್ಗಿನ ಎಳೆ ಎಲೆಯಿಂದ ಶುರು ಮಾಡಿ ಹಂತ ಹಂತವಾಗಿ ಕೊಯ್ದವರು ಮಾತ್ರ ಹೇಳಬಲ್ಲರು. ನೀವು ‘ಮೇಲ್ಗಡೆ ಬಣ್ಣವಿಲ್ಲದ ಸಾಲು ಇಷ್ಟು’ ಅಂತ ಕಂಡಷ್ಟೇ ಬರೆಯಿರಿ.

ಅದರ ಕೆಳಗೆ ಹಸಿರು. ಕಂಬಗಳ ಹಾಗೆ ನಿಂತ ಪ್ಯಾಲಿಸೇಡ್ ಕೋಶಗಳು ಒಂದು ಸಾಲೋ ಎರಡೋ ನೋಡಿ, ಆದರೆ ಇದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಒಂದೇ ಮರದ ಬಿಸಿಲಿನ ಎಲೆಯಲ್ಲಿ ಈ ಕಂಬಗಳು ಉದ್ದ, ನೆರಳಿನ ಎಲೆಯಲ್ಲಿ ಗಿಡ್ಡ, ಎಲೆಯ ದಪ್ಪವೂ ಹಾಗೇ. ಎರಡು ಲಕೋಟೆ ಮಾಡಿದ್ದು ಇದಕ್ಕೇ. ಎರಡರಲ್ಲೂ ಒಂದೇ ಇರುವ ಗುಣಕ್ಕೆ ಟಿಕ್ ಹಾಕಿ, ಬೇರೆ ಬೇರೆ ಇರುವುದಕ್ಕೆ ಅಡ್ಡಗೆರೆ. ಈ ಒಂದು ಕೆಲಸ ಮಾಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ, ಇದನ್ನು ಬಿಟ್ಟು ಹತ್ತು ಜಾತಿ ಅಳೆದವರ ಪಟ್ಟಿಗಿಂತ ಇದನ್ನು ಮಾಡಿ ಮೂರು ಜಾತಿ ನೋಡಿದವರ ಪಟ್ಟಿಯನ್ನು ನಾನು ನಂಬುತ್ತೇನೆ.

ಇನ್ನು ಸಿಸ್ಟೋಲಿತ್. ಯಾವ ಕಡೆ ಇದೆ, ಮೇಲೋ, ಕೆಳಗೋ, ಎರಡೂ ಕಡೆಯೋ? ಹತ್ತು ಚೂರು ನೋಡಿದ ಮೇಲೆಯೇ ‘ಇಲ್ಲ’ ಅನ್ನಿ, ಯಾಕೆಂದರೆ ಒಂದು ಚೂರು ಲಿಥೋಸಿಸ್ಟ್ ಇಲ್ಲದ ಜಾಗದಲ್ಲೇ ಹಾದು ಹೋಗಿರಬಹುದು. ನರಗಳ ಸುತ್ತ ಬೇರೆ ಹರಳುಗಳೂ ಕಾಣುತ್ತವೆ, ಅವು ಕ್ಯಾಲ್ಸಿಯಂ ಆಕ್ಸಲೇಟ್. ಎರಡನ್ನೂ ಕಲಸಿಕೊಳ್ಳಬೇಡಿ. ಬಣ್ಣ ಹಾಕದ ಚೂರು ಎತ್ತಿಟ್ಟಿದ್ದಿರಲ್ಲ, ಅದನ್ನು ಈಗ ತೆಗೆಯಿರಿ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಅಡುಗೆಯ ವಿನಿಗರ್ ಒಂದು ಹನಿ ಬಿಡಿ, ಎದುರಿನ ಅಂಚಿಗೆ ಟಿಶ್ಯೂ ಕಾಗದ ತಾಗಿಸಿ ನೀರು ಎಳೆಯಿರಿ. ವಿನಿಗರ್ ಒಳಗೆ ನುಗ್ಗುತ್ತಿದ್ದ ಹಾಗೇ ಸಿಸ್ಟೋಲಿತ್‌ನಿಂದ ಗುಳ್ಳೆಗಳು ಏಳುತ್ತವೆ, ಗಂಟು ಕಣ್ಣೆದುರೇ ಕರಗುತ್ತದೆ. ಆಕ್ಸಲೇಟ್ ಹರಳು ವಿನಿಗರ್‌ಗೆ ಕರಗುವುದಿಲ್ಲ, ಹಾಗೇ ಕೂತಿರುತ್ತದೆ. ಹಳೆಯ ಕ್ಯಾಲ್ಕುಲೇಟರಿನ ಪರದೆಯಿಂದ ಪೋಲರೈಸರ್ ಹಾಳೆ ಬಿಡಿಸಿಕೊಂಡರೆ ಇನ್ನೊಂದು ಪರೀಕ್ಷೆಯೂ ಆಗುತ್ತದೆ: ಒಂದು ತುಂಡು ಸ್ಲೈಡಿನ ಕೆಳಗೆ, ಇನ್ನೊಂದು ಕಣ್ಣಿನ ಲೆನ್ಸಿನ ಮೇಲೆ ಇಟ್ಟು ಕತ್ತಲಾಗುವ ತನಕ ತಿರುಗಿಸಿ, ಆಗ ಆಕ್ಸಲೇಟ್ ಹರಳುಗಳು ನಕ್ಷತ್ರದ ಹಾಗೆ ಹೊಳೆಯುತ್ತವೆ.

ಪತ್ರರಂಧ್ರಗಳಿಗೆ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳಿಗೆ, ಕೊಯ್ಯುವುದು ಬೇಡ, ನೇಲ್ ಪಾಲಿಶ್ ಸಾಕು. ಬಣ್ಣವಿಲ್ಲದ ಪಾಲಿಶ್ ಅನ್ನು ಒರೆಸಿದ ಎಲೆಯ ಕೆಳಭಾಗಕ್ಕೆ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಕಿತ್ತು ಸ್ಲೈಡಿಗೆ ಒತ್ತಿ. ಎಲೆಯ ಅಚ್ಚು ಬಂದಿರುತ್ತದೆ. ಮೇಲ್ಭಾಗಕ್ಕೂ ಒಮ್ಮೆ ಮಾಡಿ, ಅಲ್ಲಿ ರಂಧ್ರ ಇದೆಯೋ ಇಲ್ಲವೋ ಅನ್ನುವುದೇ ಒಂದು ಗುಣ. ಕೂದಲಿರುವ ಎಲೆಗೆ ಈ ಉಪಾಯ ಸರಿಯಾಗಿ ಆಗುವುದಿಲ್ಲ. ರಬ್ಬರ್ ಗಿಡದಲ್ಲಿ ರಂಧ್ರ ಹೊರಪದರದ ಮಟ್ಟಕ್ಕಿಂತ ಒಳಗೆ ತಗ್ಗಿನಲ್ಲಿದೆ, ಅದಕ್ಕೆ ಅಚ್ಚಿನಲ್ಲಿ ಬರೀ ಗುಂಡಿ ಕಂಡರೆ ಗಾಬರಿಯಾಗಬೇಡಿ.

ಎಣಿಸುವಾಗ ಲೆಕ್ಕ ಹೀಗೆ. ಕಣ್ಣಿನ ಲೆನ್ಸಿನ ಮೇಲೆ 18 ಅಂತ ಫೀಲ್ಡ್ ನಂಬರ್ ಇದ್ದು 40ರ ಲೆನ್ಸಿನಲ್ಲಿ ನೋಡುತ್ತಿದ್ದರೆ, ಕಾಣುವ ವೃತ್ತದ ಅಡ್ಡಳತೆ 18 ಭಾಗಿಸು 40, ಅಂದರೆ 0.45 ಮಿಲಿಮೀಟರ್. ವಿಸ್ತೀರ್ಣ ಸುಮಾರು 0.16 ಚದರ ಮಿಲಿಮೀಟರ್. ಅದರಲ್ಲಿ 40 ರಂಧ್ರ ಇದ್ದರೆ ಚದರ ಮಿಲಿಮೀಟರಿಗೆ 250. ಆದರೆ ಈ ಸಂಖ್ಯೆ ಬಿಸಿಲಿಗೆ ಏರುತ್ತದೆ, ನೆರಳಿಗೆ ಇಳಿಯುತ್ತದೆ. ಅದಕ್ಕೆ ಸಾಲಿಸ್‌ಬರಿ ಎಂಬ ಸಸ್ಯವಿಜ್ಞಾನಿ 1927ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ರಂಧ್ರಗಳ ಜೊತೆಗೆ ಸುತ್ತಲಿನ ಹೊರಪದರ ಕೋಶಗಳನ್ನೂ ಎಣಿಸಿ, ಒಟ್ಟಿನಲ್ಲಿ ರಂಧ್ರ ಶೇಕಡಾ ಎಷ್ಟು ಅಂತ ನೋಡುವುದು. 24 ರಂಧ್ರ, 136 ಕೋಶ ಇದ್ದರೆ ಒಟ್ಟು 160ರಲ್ಲಿ 24, ಅಂದರೆ 15. ನೆರಳಿನ ಎಲೆ ಹಿಗ್ಗಿ ಅಗಲವಾದಾಗ ರಂಧ್ರಗಳೂ ಕೋಶಗಳೂ ಒಟ್ಟಿಗೇ ದೂರ ಸರಿಯುತ್ತವೆ, ಹಾಗಾಗಿ ಈ ಅನುಪಾತ ಅಷ್ಟು ಅಲುಗಾಡುವುದಿಲ್ಲ. ಹತ್ತು ವೃತ್ತ ಎಣಿಸಿ ಸರಾಸರಿ ತೆಗೆಯಿರಿ. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು.

ನರಗಳ ಬಲೆ ನೋಡಬೇಕಾದರೆ ಹಳೆಯ ದಾರಿಯೇ ಚೆನ್ನ. ಚಿಕ್ಕವರಿದ್ದಾಗ ಅರಳಿ ಎಲೆಯನ್ನು ನೀರಿನಲ್ಲಿ ಕೊಳೆಸಿ ಜಾಳಿಗೆ ಮಾಡಿ ಪುಸ್ತಕದಲ್ಲಿ ಇಡುತ್ತಿದ್ದೆವಲ್ಲ, ಅದೇ. ಬೇಗ ಆಗಬೇಕಾದರೆ ಎಲೆಯ ತುಂಡನ್ನು ಬಟ್ಟೆಯ ಬ್ಲೀಚಿನಲ್ಲಿ ಬೆಳ್ಳಗಾಗುವ ತನಕ ಇಟ್ಟು, ಹಲವು ಸಲ ನೀರು ಬದಲಿಸಿ ತೊಳೆದು, ಸಫ್ರಾನಿನ್ ಹಚ್ಚಿ. ಕಿಟಕಿ ತೆರೆದಿರಲಿ. ಬ್ಲೀಚು ಮತ್ತು ವಿನಿಗರ್ ಒಂದೇ ಬಟ್ಟಲಿಗೆ ಯಾವ ಕಾರಣಕ್ಕೂ ಬೀಳಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟಾದ ಮೇಲೆ ದೊಡ್ಡ ಹಾಳೆಯ ಮೇಲೆ ಪಟ್ಟಿ ಹಾಕಿ. ಅಡ್ಡಕ್ಕೆ ಮರಗಳು, ಉದ್ದಕ್ಕೆ ಗುಣಗಳು. ಜಾತಿಗಳಲ್ಲ, ಮರಗಳು. ಐದು ಆಲದ ಮರಕ್ಕೆ ಐದು ಸಾಲು. ಒಂದೇ ಜಾತಿಯ ಐದೂ ಮರಗಳಲ್ಲಿ ಒಂದೇ ಇದ್ದು, ಇನ್ನೊಂದು ಜಾತಿಯ ಐದರಲ್ಲೂ ಬೇರೆ ಇರುವ ಗುಣವಷ್ಟೇ ಗುರುತಿಗೆ ಬರುತ್ತದೆ. ಆಮೇಲೆ ಕವಲು ಪ್ರಶ್ನೆ ಮಾಡಿ: ಸಿಸ್ಟೋಲಿತ್ ಎರಡೂ ಕಡೆ ಇದೆಯಾ, ಒಂದೇ ಕಡೆಯಾ? ಒಂದೇ ಕಡೆಯಾದರೆ ಮೇಲೋ ಕೆಳಗೋ? ಹೊರಪದರ ಒಂದು ಸಾಲಾ, ಜಾಸ್ತಿಯಾ? ಕೂದಲಿದೆಯಾ? ಕಾಡತ್ತಿ, ಅಂದರೆ ಫೈಕಸ್ ಹಿಸ್ಪಿಡಾ, ಕೈಗೆ ಒರಟು ತಾಗುವ ಕೂದಲಿನಿಂದಲೇ ಬೇರೆ ನಿಲ್ಲುತ್ತದೆ. ಎಲೆಗಳು ಟೊಂಗೆಯ ಮೇಲೆ ಎದುರುಬದುರು ಇರುವುದೂ ಅದರ ಗುರುತು. ಬೆಂಜಮಿನಾದ್ದು ಎಲ್ಲಿ ಬರುತ್ತದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ನೀವೇ ಕೊಯ್ದು ನೋಡಿ ಬರೆಯಬೇಕು, ಕೆಳಗಿನ ಮನೆಯ ಹುಡುಗಿಗೂ ನಾನು ಹೇಳಿಕೊಡಲಿಲ್ಲ.

ಗುರುತಿಸುವುದು ಬೇರೆ, ನೆಂಟಸ್ತನ ಹೇಳುವುದು ಬೇರೆ. ಕಣಗಲ ಎಲೆಯನ್ನೊಮ್ಮೆ ಕೊಯ್ದು ನೋಡಿ. ಅದರಲ್ಲೂ ಹೊರಪದರ ಹಲವು ಸಾಲು, ಕ್ಯೂಟಿಕಲ್ ದಪ್ಪ, ರಂಧ್ರಗಳು ಕೂದಲಿರುವ ಗುಂಡಿಯೊಳಗೆ ಅಡಗಿವೆ, ಮೇಲಾಗಿ ಹಾಲೂ ಬರುತ್ತದೆ. (ಕಣಗಲ ಪೂರ್ತಿ ವಿಷ, ಕೈ ತೊಳೆಯದೆ ಏನನ್ನೂ ಮುಟ್ಟಬೇಡಿ.) ಇಷ್ಟೆಲ್ಲ ಹೋಲಿಕೆ ಇದ್ದರೂ ಕಣಗಲಕ್ಕೂ ಆಲಕ್ಕೂ ಹತ್ತಿರದ ಸಂಬಂಧವಿಲ್ಲ, ಬೇರೆ ಬೇರೆ ಕುಟುಂಬ. ಒಣ ಬಿಸಿಲಿಗೆ ಎರಡೂ ಒಂದೇ ಥರದ ಉಪಾಯ ಕಂಡುಕೊಂಡಿವೆ ಅಷ್ಟೆ. ಹಾಗಾಗಿ ನೀರು ಉಳಿಸುವ ಗುಣಗಳನ್ನು ಕಂಡು ನೆಂಟರು ಅಂತ ತೀರ್ಮಾನಿಸಬೇಡಿ. ಎಲೆಯ ಸಾಕ್ಷಿಯ ಜೊತೆ ಹಣ್ಣು, ತೊಗಟೆ, ಎಲೆತೊಟ್ಟಿನ ಬುಡದ ಗುರುತು ಎಲ್ಲವನ್ನೂ ಇಟ್ಟು ನೋಡಿ.

ಹೆಸರು ಖಚಿತ ಮಾಡಿಕೊಳ್ಳಲು ಪುಣೆಯಲ್ಲಿ ನಮಗೆ ಅನುಕೂಲ ಇದೆ. ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ 1955ರಿಂದ ಇಲ್ಲೇ ಇದೆ, ಒಣಗಿಸಿದ ಸಸ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ. ಆಘಾರಕರ್ ಸಂಶೋಧನಾ ಸಂಸ್ಥೆಯಲ್ಲೂ ಇದೆ. ಮುಂಬೈಯವರಿಗೆ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ. ಮೊದಲೇ ಪತ್ರ ಬರೆದು ಅನುಮತಿ ಕೇಳಿ ಹೋಗಿ. ಹೋಗುವಾಗ ಬರೀ ಸ್ಲೈಡ್ ಒಯ್ಯಬೇಡಿ. ಪ್ರತಿ ಮರದ ಒಂದು ಟೊಂಗೆಯನ್ನು, ಕಾಯಿ ಇದ್ದರೆ ಕಾಯಿ ಸಮೇತ, ಪೇಪರಿನ ನಡುವೆ ಒತ್ತಿ ಒಣಗಿಸಿಟ್ಟಿರಿ, ಪುಣೆಯ ಮಳೆಗಾಲದಲ್ಲಾದರೆ ಪೇಪರನ್ನು ದಿನಾ ಬದಲಿಸಿ. ಸ್ಲೈಡಿಗೂ ಲಕೋಟೆಗೂ ಒಣಗಿದ ಟೊಂಗೆಗೂ ಒಂದೇ ನಂಬರ್ ಹಾಕಿ. ಕವರ್ ಸ್ಲಿಪ್ಪಿನ ಸುತ್ತ ಅದೇ ನೇಲ್ ಪಾಲಿಶ್ ಹಚ್ಚಿ ಮುಚ್ಚಿದರೆ ಗ್ಲಿಸರಿನ್ ಸ್ಲೈಡು ಕೆಲವು ತಿಂಗಳು ಕೆಡದೆ ಇರುತ್ತದೆ, ಅಷ್ಟರೊಳಗೆ ಪೆನ್ಸಿಲ್ ಹಿಡಿದು ಒಂದೊಂದರ ಚಿತ್ರ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೂ ಬರೆಯಿರಿ, ಬರೆಯುವಾಗಲೇ ಲಿಥೋಸಿಸ್ಟ್‌ನ ತೊಟ್ಟು ಯಾವ ಗೋಡೆಯಿಂದ ಹೊರಟಿದೆ ಅಂತ ಕಣ್ಣಿಗೆ ಬೀಳುವುದು.